ಅಡಿಗೆಮನೆಯ ಹೊಗೆ



ತರ್ಕಶಾಸ್ತ್ರ ಓದುವ ವಟುವಿಗೆ ಮೊದಲು ಹೇಳುವ ಪಾಠವೊಂದುಂಟು. ಬೆಟ್ಟದಲ್ಲಿ ಬೆಂಕಿಯಿದೆ; ಏಕೆಂದರೆ ಅಲ್ಲಿ ಹೊಗೆ ಕಾಣುತ್ತದೆ. ಹೊಗೆಯಿದ್ದಲ್ಲಿ ಬೆಂಕಿ ಇದ್ದೇ ಇರುತ್ತದೆಂಬುದಕ್ಕೆ ದೃಷ್ಟಾಂತ ಯಾವುದು? ಅಡಿಗೆಮನೆ. ಶಾಸ್ತ್ರವು ಅದನ್ನು ಮಹಾನಸವೆಂದು ಕರೆಯುತ್ತದೆ. ನಾವೂ ಅದನ್ನು ಕಂಠಪಾಠ ಮಾಡಿದವರೇ. ಆ ದೃಷ್ಟಾಂತದಲ್ಲಿ ಹೊಗೆಯುಂಟು, ಬೆಂಕಿಯುಂಟು. ಒಲೆಯ ಮುಂದೆ ಕುಳಿತ ತಾಯಿಯ ಮಾತಿಲ್ಲ. ಇಂದು ಆ ತಾಯಿಯ ವಿಚಾರ ಹೇಳುತ್ತೇವೆ.

ನಿಮ್ಮದು ತೊಗರಿಯ ನಾಡು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು, ಸಂತೋಷ. ರಾಶಿಯಾದ ಮೇಲೆ ತೊಗರಿ ಕಟ್ಟಿಗೆ ಮನೆಗೆ ಬಂದು, ಕುಳ್ಳಿನೊಡನೆ ಒಲೆ ಸೇರುತ್ತದೆ. ಎರಡು ಹೊತ್ತು ರೊಟ್ಟಿ ಬಡಿಯುವ ತಾಯಿ, ಮಗ್ಗುಲಲ್ಲಿ ಕೂಸು, ಹೊಗೆ ಹೋಗಲು ದಾರಿಯಿಲ್ಲದ ಕೋಣೆ.

ಕಣ್ಣಿಗೆ ಕಾಣುವ ಮಸಿ ಗೋಡೆಗೆ ಹತ್ತುತ್ತದೆ. ಕಾಣದ ಕಣ ಎದೆಗೆ ಹತ್ತುತ್ತದೆ. 2.5 ಮೈಕ್ರಾನಿಗಿಂತ ಸಣ್ಣದಾದ ಆ ಕಣ ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಪಾಲು. ರಾಶಿಯ ದಪ್ಪ ಧೂಳು ಬಹುಪಾಲು ಮೂಗು ಗಂಟಲಲ್ಲೇ ಸಿಕ್ಕಿ, ಸೀನಾಗಿ ಕಫವಾಗಿ ಹೊರಬೀಳುತ್ತದೆ. ಈ ಸೂಕ್ಷ್ಮ ಕಣವಾದರೋ ಶ್ವಾಸಕೋಶದ ಕಟ್ಟಕಡೆಯ ಗಾಳಿಚೀಲಕ್ಕೆ ಇಳಿಯುತ್ತದೆ. ಅತಿ ಸೂಕ್ಷ್ಮವಾದದ್ದು ರಕ್ತವನ್ನೂ ಸೇರುತ್ತದೆ. ಆದ್ದರಿಂದ ಕೆಮ್ಮು ದಮ್ಮು ಮಾತ್ರವಲ್ಲ, ಹೃದಯಾಘಾತ, ಪಾರ್ಶ್ವವಾಯು, ಶ್ವಾಸಕೋಶದ ಕ್ಯಾನ್ಸರ್ ಸಹ ಇದರಿಂದ ಹೆಚ್ಚುತ್ತವೆ. ಮಕ್ಕಳಿಗೆ ನ್ಯುಮೋನಿಯಾ, ಬಸುರಿಯ ಕೂಸಿಗೆ ತೂಕ ಕಡಿಮೆಯಾಗುವ ಭಯ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಐದು ವರ್ಷದೊಳಗಿನ ಮಕ್ಕಳು.

ಕೆಟ್ಟ ಗಾಳಿ ಪಟ್ಟಣದವರ ಪಾಡು ಎನ್ನಬೇಡಿ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕಲಬುರಗಿ ನಗರದ ಹೆಸರು ಸೇರಿತು. ಅಲ್ಲಿ ಗಾಳಿ ಅಳೆಯುವ ಯಂತ್ರವಿದೆ. ಒಂದು ಘನ ಮೀಟರ್ ಗಾಳಿಯಲ್ಲಿ ಈ ಕಣ ವರ್ಷದ ಸರಾಸರಿಗೆ 40 ಮೈಕ್ರೋಗ್ರಾಂ ಮೀರಬಾರದೆಂಬುದು ನಮ್ಮ ದೇಶದ ನಿಯಮ. 5 ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಕಟ್ಟಿಗೆ ಉರಿಯುವ ಹೊತ್ತಿನಲ್ಲಿ ಅಡಿಗೆಮನೆಯೊಳಗೆ ಅದು ನೂರಾರಕ್ಕೆ ಏರುತ್ತದೆ. ಅಲ್ಲಿ ಯಂತ್ರವಿಲ್ಲ, ತಾಯಿಯ ಎದೆಯೇ ಅಳತೆಗೋಲು. ಮೂಗಿಗೆ ಸೆರಗು ಹಿಡಿದರೆ ಈ ಕಣ ನಿಲ್ಲುವುದಿಲ್ಲ.

2016ರಿಂದ ಉಜ್ವಲಾ ಯೋಜನೆಯಲ್ಲಿ ಬಡವರ ಮನೆಗೂ ಗ್ಯಾಸ್ ಬಂದಿತು. ಆದರೂ ಎಷ್ಟೋ ಮನೆಗಳಲ್ಲಿ ಸಿಲಿಂಡರು ಬಟ್ಟೆ ಹೊದ್ದು ಮೂಲೆಯಲ್ಲಿ ಕುಳಿತಿರುತ್ತದೆ. ನೆಂಟರು ಬಂದಾಗ ಚಹಾಕ್ಕೆ ಮಾತ್ರ. ಕೂಲಿ ಮಾಡಿ ಉಣ್ಣುವವನು ತುಂಬಿಸಲು ದುಡ್ಡಿಲ್ಲವೆಂದರೆ ಒಪ್ಪುತ್ತೇವೆ. ಮೋಟಾರ್ ಸೈಕಲ್ಲಿಗೆ ದಿನಾ ಪೆಟ್ರೋಲು ಹಾಕಿಸುವ ಯಜಮಾನನು ಅದೇ ಮಾತು ಆಡಿದರೆ ಒಪ್ಪುವುದು ಹೇಗೆ? ದುಡ್ಡು ಅವನ ಕೈಯಲ್ಲಿ, ಹೊಗೆ ಆಕೆಯ ಕಣ್ಣಲ್ಲಿ.

ಆದ್ದರಿಂದ ಯಜಮಾನರೇ, ಈ ಮಾತು ನಿಮಗೆ. ಶಕ್ತಿಯಿದ್ದವರು ಸಿಲಿಂಡರು ಬರಿದಾಗದಂತೆ ನೋಡಿಕೊಳ್ಳಿರಿ. ಆಗದಿದ್ದರೆ ಒಲೆಯನ್ನು ಬಯಲಿನ ಗಾಳಿಗೆ ತನ್ನಿರಿ. ಇಲ್ಲವೆ ಹೊಗೆಕೊಳವೆ ಕಟ್ಟಿಸಿ, ಬೆಳಕಿಂಡಿ ತೆರೆಯಿರಿ. ಒಣಗಿದ ಕಟ್ಟಿಗೆಯನ್ನೇ ಉರಿಸಿರಿ. ಕೂಸನ್ನು ಒಲೆಯಿಂದ ದೂರ ಇಡಿರಿ. ಕಸ, ಹೊಟ್ಟು, ಪ್ಲಾಸ್ಟಿಕ್ಕಿಗೆ ಬೆಂಕಿ ಇಡಬೇಡಿರಿ. ಮನೆಯೊಳಗೆ ಬೀಡಿ ಬೇಡ. ಇವು ಹೊಗೆಯನ್ನು ಪೂರ್ತಿ ನಿಲ್ಲಿಸಲಾರವು. ಆದರೂ ಕಡಿಮೆ ಮಾಡುತ್ತವೆ.

ಪ್ರಾಣವೆಂಬ ಶಬ್ದವು ಉಸಿರಾಡುವುದೆಂಬ ಅರ್ಥದ ‘ಅನ್’ ಧಾತುವಿನಿಂದ ಹುಟ್ಟಿದೆ. ಉಸಿರು ಕೆಡಿಸಿ ಪ್ರಾಣ ಉಳಿಸಲು ಆಗದು. ಇಂದು ಮನೆಗೆ ಹೋದಾಗ ಒಲೆ ಉರಿಯುತ್ತಿದ್ದರೆ, ಅದರ ಮುಂದೆ ಊಟ ಮುಗಿಯುವ ತನಕ ನೀವೇ ಕುಳಿತು ನೋಡಿರಿ. ಆಮೇಲೆ ಮಾಡಬೇಕಾದದ್ದನ್ನು ಮಾಡಿರಿ. ಇಷ್ಟು ಹೇಳಿ ನಮ್ಮ ಮಾತಿಗೆ ವಿರಾಮ ಕೊಡುತ್ತೇವೆ.