ಕೋಣಗಳ ಕಾದಾಟವೂ ಗಿಡದ ಬೇರೂ
(ಸಂಘದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಮಯದಲ್ಲಿ ನಾಡುನುಡಿಗಳ ವಿಷಯವಾಗಿ ಮಾತನಾಡುವುದು ವಾಡಿಕೆ. ಆದರೆ ನಮ್ಮ ಕಾರ್ಯದರ್ಶಿಗಳು ನನಗೆ ವಹಿಸಿದ ವಿಷಯ ಬೇರೆ: ದೊಡ್ಡ ರಾಷ್ಟ್ರಗಳ ಪೈಪೋಟಿಯ ನಡುವೆ ಪ್ರಜಾಪ್ರಭುತ್ವ ಉಳಿದು ಬಾಳುವುದು ಹೇಗೆ? ನಾನು ರಾಜನೀತಿಯ ಪಂಡಿತನಲ್ಲ. ಇತಿಹಾಸವನ್ನು ಆಸಕ್ತಿಯಿಂದ ಓದುವವನು ಮಾತ್ರ. ಆದುದರಿಂದ ತತ್ತ್ವವಿಚಾರವನ್ನು ಬದಿಗಿಟ್ಟು ಒಂದು ದೇಶದ ಕಥೆಯನ್ನು ತಮ್ಮ ಮುಂದಿಡುತ್ತೇನೆ.

ಕೋಣಗಳೆರಡು ಕಾದಾಡಿದರೆ ಗಿಡಕ್ಕೆ ಕೇಡು ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಹಾಗೆ ಕಾದಾಟದ ನಡುವೆ ಸಿಕ್ಕಿಯೂ ಉಳಿದ ಗಿಡವುಂಟೇ? ಉಂಟು. ಅದು ಯೂರೋಪಿನ ಉತ್ತರದಲ್ಲಿರುವ ಫಿನ್ಲೆಂಡ್. ರಷ್ಯದೊಡನೆ ಅದಕ್ಕಿರುವ ಗಡಿ 1,300 ಕಿಲೋಮೀಟರಿಗೂ ಹೆಚ್ಚು. 1809ರವರೆಗೆ ಸ್ವೀಡನ್ನಿನ ಆಳ್ವಿಕೆ, ಅಲ್ಲಿಂದ 1917ರವರೆಗೆ ರಷ್ಯದ ಜಾರ್ ಚಕ್ರವರ್ತಿಗಳ ಅಧೀನ. ಆದರೂ 1906ರಲ್ಲಿಯೇ ಅಲ್ಲಿನ ಸ್ತ್ರೀಪುರುಷರಿಬ್ಬರಿಗೂ ಮತದ ಹಕ್ಕೂ ಚುನಾವಣೆಗೆ ನಿಲ್ಲುವ ಹಕ್ಕೂ ದೊರೆತವು. ಮರುವರ್ಷದ ಚುನಾವಣೆಯಲ್ಲಿ 200 ಸದಸ್ಯರ ಸಭೆಗೆ 19 ಮಂದಿ ಮಹಿಳೆಯರು ಆರಿಸಿ ಬಂದರು.

1917ರ ಡಿಸೆಂಬರ್ 6ರಂದು ಸ್ವಾತಂತ್ರ್ಯದ ಘೋಷಣೆಯಾಯಿತು. ಎರಡು ತಿಂಗಳು ಕಳೆಯುವುದರೊಳಗೆ ಮನೆಯಲ್ಲೇ ಬೆಂಕಿ ಬಿದ್ದಿತು. ಒಂದು ಕಡೆ ಕಾರ್ಮಿಕರೂ ಭೂಮಿಯಿಲ್ಲದ ಗೇಣಿದಾರರೂ ಸೇರಿದ ಕೆಂಪು ಪಡೆ. ಇನ್ನೊಂದು ಕಡೆ ಸರ್ಕಾರದ ಬಿಳಿಯ ಪಡೆ. ಕೆಂಪಿನವರ ಹಿಂದೆ ರಷ್ಯದ ಬೋಲ್ಷೆವಿಕರು, ಬಿಳಿಯರ ಹಿಂದೆ ಜರ್ಮನಿಯ ಸೈನ್ಯ. ಮೂವತ್ತು ಲಕ್ಷ ಜನರ ಆ ನಾಡಿನಲ್ಲಿ ಮೂವತ್ತಾರು ಸಾವಿರಕ್ಕೂ ಮಿಕ್ಕಿ ಸತ್ತರು. ಅವರಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿ ಯುದ್ಧ ಮುಗಿದ ಮೇಲೆ ಸೆರೆಶಿಬಿರಗಳಲ್ಲಿ ಹಸಿವಿನಿಂದಲೂ ರೋಗದಿಂದಲೂ ಸತ್ತ ಸೋತವರು. ಇಂತಹ ದೇಶಕ್ಕೆ ಪ್ರಜಾಪ್ರಭುತ್ವ ದಕ್ಕೀತೆಂದು ಅಂದು ಯಾರು ತಾನೇ ನಂಬಿಯಾರು?

ಇಲ್ಲಿಂದ ಮುಂದೆ ನಡೆದುದೇ ನನ್ನ ಮಾತಿನ ಜೀವಾಳ. ಯುದ್ಧ ಮುಗಿದ ಹತ್ತು ತಿಂಗಳಿಗೆ, 1919ರ ಮಾರ್ಚಿಯಲ್ಲಿ, ಚುನಾವಣೆ ನಡೆಯಿತು. ಸೋತವರ ಪಕ್ಷವಾದ ಸೋಷಿಯಲ್ ಡೆಮೊಕ್ರಾಟರಿಗೆ ನಿಲ್ಲುವ ಅವಕಾಶವಿತ್ತು. ಅವರು ನಿಂತರು, 80 ಸ್ಥಾನಗಳನ್ನು ಗೆದ್ದು ಸಭೆಯಲ್ಲಿ ಅತಿ ದೊಡ್ಡ ಪಕ್ಷವಾದರು. ಗೆದ್ದವರು ಆ ಫಲಿತಾಂಶವನ್ನು ಒಪ್ಪಿದರು. ಗೇಣಿದಾರರಿಗೆ ಉಳುವ ಭೂಮಿಯನ್ನು ಕೊಳ್ಳುವ ಹಕ್ಕು ಬಂದಿತು. 1926ರ ಕೊನೆಯಲ್ಲಿ ಅದೇ ಪಕ್ಷದ ವೈನೊ ಟಾನ್ನರ್ ಪ್ರಧಾನಿಯಾದರು. ಮರುವರ್ಷ ಅಧ್ಯಕ್ಷರು ಅಸ್ವಸ್ಥರಾಗಿದ್ದುದರಿಂದ, ಬಿಳಿಯರ ವಿಜಯದಿನದ ಕವಾಯತಿನ ವಂದನೆಯನ್ನು ಸ್ವೀಕರಿಸುವ ಕರ್ತವ್ಯ ಇವರ ಪಾಲಿಗೇ ಬಂದಿತು. ಇವರು ಅದನ್ನು ನೆರವೇರಿಸಿದರು! ಮನಸ್ಸಿನ ಗಾಯ ಮಾಯಿತೆಂದು ನಾನು ಹೇಳುತ್ತಿಲ್ಲ. ಅದು ತಲೆಮಾರುಗಳವರೆಗೆ ಉಳಿಯಿತು. ಆದರೆ ಸೋತವನಿಗೂ ಮನೆಯಲ್ಲಿ ಎಲೆ ಹಾಕಲಾಯಿತು.

ಅಪಾಯ ಬಲಗಡೆಯಿಂದಲೂ ಬಂದಿತು. 1930ರ ಸುಮಾರಿಗೆ ಲಾಪುವಾ ಚಳವಳಿಯವರು ವಿರೋಧಿಗಳನ್ನು ಹೊತ್ತೊಯ್ದು ಹೊಡೆಯತೊಡಗಿದರು. ಅವರ ಒತ್ತಾಯಕ್ಕೆ ಮಣಿದು ಕಮ್ಯೂನಿಸ್ಟರ ರಾಜಕೀಯವನ್ನು ನಿಷೇಧಿಸಲಾಯಿತು. ಇದು ಪ್ರಜಾಪ್ರಭುತ್ವಕ್ಕೆ ಶೋಭೆ ತಂದ ಕೆಲಸವಲ್ಲ. 1932ರಲ್ಲಿ ಮ್ಯಾಂಟ್ಸಾಲಾ ಎಂಬಲ್ಲಿ ಅವರು ಶಸ್ತ್ರ ಹಿಡಿದು ಸೇರಿದಾಗ, ಅಧ್ಯಕ್ಷ ಸ್ವಿನ್‌ಹುಫ್‌ವುಡ್ ರೇಡಿಯೋದಲ್ಲಿ ಮಾತನಾಡಿ, ಮನೆಗೆ ಹಿಂದಿರುಗಿರೆಂದು ಸಾಮಾನ್ಯ ಅನುಯಾಯಿಗಳಿಗೆ ಹೇಳಿದರು. ಸ್ವಿನ್‌ಹುಫ್‌ವುಡ್ ಸ್ವತಃ ಬಲಪಕ್ಷದವರು, ಆ ಚಳವಳಿಯ ಬೆಂಬಲದಿಂದ ಪದವಿಗೇರಿದವರು. ಆದರೂ ಕಾನೂನಿನ ಪಕ್ಷ ಹಿಡಿದರು. ದಂಗೆ ಕರಗಿತು. ಎದುರಾಳಿಗಳನ್ನು ತುಳಿಯಲು ಚಳವಳಿಗಾರರು ಬಯಸಿ ತಂದ ಕಾನೂನಿನಿಂದಲೇ ಆ ಚಳವಳಿಯೂ ನಿಷೇಧಕ್ಕೊಳಗಾಯಿತು. ಪೋಲೆಂಡ್, ಲಿಥುವೇನಿಯ, ಎಸ್ಟೋನಿಯ, ಲ್ಯಾಟ್ವಿಯಗಳಲ್ಲಿ 1926ರಿಂದ 1934ರೊಳಗೆ ಚುನಾಯಿತ ಆಡಳಿತಗಳು ಬಲಾತ್ಕಾರದಿಂದ ಉರುಳಿದ ಕಾಲವದು ಎಂಬುದನ್ನು ನೆನೆಯಬೇಕು.

ಪರೀಕ್ಷೆ ಬಂದುದು 1939ರ ನವೆಂಬರ್ 30ರಂದು. ಆಗಸ್ಟಿನಲ್ಲಿ ಹಿಟ್ಲರನೂ ಸ್ಟಾಲಿನನೂ ಒಪ್ಪಂದ ಮಾಡಿಕೊಂಡು ನಾಡುಗಳನ್ನು ಹಂಚಿಕೊಂಡಿದ್ದರು; ಫಿನ್ಲೆಂಡ್ ಸ್ಟಾಲಿನನ ಪಾಲಿಗೆ ಬಿದ್ದಿತ್ತು. ಸೋವಿಯತ್ ಸೈನ್ಯ ಗಡಿ ದಾಟಿತು. ಮರುದಿನವೇ ಮಾಸ್ಕೋ ಒಂದು ಬೊಂಬೆ ಸರ್ಕಾರವನ್ನು ಕೂರಿಸಿತು. ಅದರ ನಾಯಕ, 1918ರ ಕೆಂಪು ಮುಖಂಡರಲ್ಲೊಬ್ಬನಾದ ಕೂಸಿನೆನ್. ಇಪ್ಪತ್ತೊಂದು ವರ್ಷಗಳ ಹಿಂದೆ ಸೆರೆಶಿಬಿರಗಳಲ್ಲಿ ತಂದೆಯನ್ನೂ ಅಣ್ಣನನ್ನೂ ಕಳೆದುಕೊಂಡ ಕಾರ್ಮಿಕರು ತನ್ನ ಕಡೆಗೆ ಬಂದಾರೆಂದು ಅವನ ಎಣಿಕೆ. ಎಂಟು ಗಂಟೆಗಳ ದುಡಿಮೆಯ ದಿನವನ್ನು ಕೊಡುವೆನೆಂದು ಸಾರಿದ. ಆ ಕಾನೂನು ಅಲ್ಲಿ 1917ರಿಂದಲೇ ಇತ್ತು! ಕಾರ್ಮಿಕರು ಅವನ ಕಡೆಗೆ ಹೋಗಲಿಲ್ಲ. ಬಂದೂಕು ಹಿಡಿದು ಹಿಮದ ಕಂದಕಗಳಿಗೆ ಹೋದರು. ಯುದ್ಧದ ನಡುವೆಯೇ, 1940ರ ಜನವರಿಯಲ್ಲಿ, ಮಾಲೀಕರ ಒಕ್ಕೂಟವು ಕಾರ್ಮಿಕ ಸಂಘಗಳಿಗೆ ಮಾನ್ಯತೆಯಿತ್ತಿತು. 105 ದಿನಗಳ ಯುದ್ಧದಲ್ಲಿ ಸುಮಾರು ಇಪ್ಪತ್ತೈದು ಸಾವಿರ ಫಿನ್ನರು ಮಡಿದರು, ಭೂಭಾಗ ಹೋಯಿತು, ದೇಶ ಉಳಿಯಿತು.

ಕಾಡು, ಹಿಮ, ಸೇನಾನಿಗಳ ಚಾತುರ್ಯ ಇವೆಲ್ಲ ನೆರವಾದುದು ದಿಟ. ಆದರೆ 1919ರಲ್ಲಿ ಸೋತವರ ಪಕ್ಷಕ್ಕೆ ಬಾಗಿಲು ಮುಚ್ಚಿದ್ದರೆ 1939ರಲ್ಲಿ ಕೂಸಿನೆನ್ನನ ಎಣಿಕೆ ಸುಳ್ಳಾಗುತ್ತಿತ್ತೇ? ನನಗೆ ಅನುಮಾನ.

ಕಳೆದುಕೊಂಡ ಕರೇಲಿಯ ಪ್ರಾಂತದಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ಬಂದರು. 1945ರ ಕಾನೂನಿನಂತೆ, ಉಳಿದ ನಾಡಿನವರ ಜಮೀನಿನಲ್ಲಿ ಪಾಲು ತೆಗೆದು ಅವರಿಗೆ ನೆಲೆ ಕಲ್ಪಿಸಲಾಯಿತು. ಹುಟ್ಟೂರು ಬಿಟ್ಟು ಬಂದ ನಮ್ಮಂಥವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ನಾವಾದರೋ ರಜೆಯಲ್ಲಿ ಊರಿಗೆ ಹೋಗಿ ಬರಬಲ್ಲೆವು. ಅವರಿಗೆ ಆ ಭಾಗ್ಯವೂ ಇರಲಿಲ್ಲ. ಭಾಷೆಯ ವಿಷಯದಲ್ಲಿಯೂ ಅವರ ನೀತಿ ಗಮನಾರ್ಹ. 1919ರ ರಾಜ್ಯಾಂಗವು ಫಿನ್ನಿಷ್, ಸ್ವೀಡಿಷ್ ಎರಡನ್ನೂ ರಾಷ್ಟ್ರಭಾಷೆಗಳೆಂದಿತು. ಸ್ವೀಡಿಷ್ ಮನೆಮಾತಿನವರು ಇಂದು ನೂರಕ್ಕೆ ಐದರಷ್ಟು ಮಾತ್ರ. ಆ ಸ್ಥಾನ ಇಂದಿಗೂ ಹಾಗೆಯೇ ಇದೆ.

ಕಥೆಯ ಕಪ್ಪು ಪುಟಗಳನ್ನೂ ಹೇಳಬೇಕು. 1941ರಿಂದ 1944ರವರೆಗೆ ಅವರು ಹಿಟ್ಲರನ ಜರ್ಮನಿಯೊಡನೆ ಸೇರಿ ಕಾದಿದರು. 1948ರಲ್ಲಿ ಸೋವಿಯತ್ ಒಕ್ಕೂಟದೊಡನೆ ಒಪ್ಪಂದವಾಯಿತು. ನೆರೆಯವನ ಮುಖ ನೋಡಿ ಪತ್ರಿಕೆಗಳು ತಮ್ಮ ನಾಲಗೆಯನ್ನು ತಾವೇ ಕಚ್ಚಿಕೊಂಡುವು. ಕೆಕ್ಕೊನೆನ್ 1956ರಿಂದ ಕಾಲು ಶತಮಾನ ಅಧ್ಯಕ್ಷರಾಗಿದ್ದರು. 1973ರಲ್ಲಿ ಚುನಾವಣೆಯೇ ಇಲ್ಲದೆ ವಿಶೇಷ ಕಾನೂನಿನಿಂದ ಅವರ ಅವಧಿಯನ್ನು ನಾಲ್ಕು ವರ್ಷ ಬೆಳೆಸಲಾಯಿತು. ಹೊರಗಿನ ಭಯವು ಒಳಗಿನ ಸ್ವಾತಂತ್ರ್ಯವನ್ನು ಹೀಗೆ ಮೆಲ್ಲಮೆಲ್ಲನೆ ತಿನ್ನುತ್ತದೆ. ಆದರೆ ಪಾಠ ಕಲಿತರು. ಮುಂದೆ ಯಾರೂ ಸತತವಾಗಿ ಎರಡಕ್ಕಿಂತ ಹೆಚ್ಚು ಅವಧಿ ಅಧ್ಯಕ್ಷರಾಗಿರಕೂಡದೆಂದು ನಿಯಮ ಮಾಡಿದರು.

2022ರ ಫೆಬ್ರವರಿಯಲ್ಲಿ ರಷ್ಯ ಯುಕ್ರೇನಿನ ಮೇಲೆ ಪೂರ್ಣಪ್ರಮಾಣದ ದಾಳಿಯಿಟ್ಟಿತು. ಫಿನ್ನರು ಹಳೆಯ ತಟಸ್ಥ ನೀತಿಯನ್ನು ಬಿಟ್ಟು, 2023ರ ಏಪ್ರಿಲ್ 4ರಂದು ನೇಟೋ ಕೂಟವನ್ನು ಸೇರಿದರು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. 2022ರ ಮೇ ತಿಂಗಳಲ್ಲಿ ಅವರ ಸಂಸತ್ತು ಬಹಿರಂಗವಾಗಿ ಚರ್ಚಿಸಿ, 188 ಮತಗಳು ಪರ, 8 ವಿರೋಧ ಎಂದು ತೀರ್ಮಾನಿಸಿತು. ಆ ಎಂಟು ಮಂದಿಯೂ ತಮ್ಮ ಮಾತನ್ನು ಆಡಿ ಮನೆಗೆ ಹೋದರು. ನನಗೆ ಮುಖ್ಯವಾಗಿ ಕಾಣುವುದು ಇದು.

ಗಿಡವನ್ನು ಉಳಿಸುವುದು ಬೇಲಿಯೊಂದೇ ಅಲ್ಲ, ಬೇರು. ನಾನು ಸೋತರೂ ಈ ಮನೆ ನನ್ನದೇ ಎಂಬ ನಂಬಿಕೆಯೇ ಆ ಬೇರು. ಅದನ್ನು ಯಾವ ದೊಡ್ಡ ರಾಷ್ಟ್ರವೂ ದಾನ ಮಾಡಲಾರದು. ಗೆದ್ದವರು ಸೋತವರಿಗೆ ದಿನದಿನವೂ ಕೊಡಬೇಕಾದುದದು. ನಮ್ಮ ಸಂಘದ ಚುನಾವಣೆಯಲ್ಲಿ ಸೋತವರು ಮರುವಾರದ ಸಭೆಗೆ ಬಂದು ಕುರ್ಚಿ ಹಾಕುವುದನ್ನು ನಾನು ಕಂಡಿದ್ದೇನೆ. ಗೆದ್ದವರು ಅವರನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸುವುದನ್ನೂ ಕಂಡರೆ ನನ್ನ ಸಂತೋಷ ಪೂರ್ಣವಾದೀತು.