ಕೈಯೂರದೆ ಏಳಲು ಬರುತ್ತದೆಯೇ?



ಮನೆಯಲ್ಲಿ ಅರವತ್ತೈದು ದಾಟಿದ ಹಿರಿಯರಿದ್ದರೆ ಇವತ್ತು ಒಂದು ಕೆಲಸ ಮಾಡಿ. ಗೋಡೆಗೆ ಒರಗಿಸಿಟ್ಟ ಗಟ್ಟಿ ಕುರ್ಚಿಯಲ್ಲಿ ಅವರನ್ನು ಕೂರಿಸಿ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಎಲ್ಲಿಯೂ ಊರದೆ ಐದು ಸಲ ಎದ್ದು ಕೂರಲಿ. ನೀವು ಪಕ್ಕದಲ್ಲೇ ನಿಂತು ಗಡಿಯಾರ ನೋಡಿ. 14 ಸೆಕೆಂಡಿನೊಳಗೆ ಆಗದಿದ್ದರೆ ಇನ್ನಷ್ಟು ತಪಾಸಣೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಂಡಿ ತುಂಬ ನೋಯುತ್ತಿದ್ದರೆ ಬಲವಂತ ಬೇಡ.

ಆಗಲಿಲ್ಲ ಎಂದಾಗ ನಾವೆಲ್ಲ ಹೇಳುವ ಮಾತು ಒಂದೇ: ‘ವಯಸ್ಸಾಯ್ತಲ್ಲ, ಇನ್ನೇನು?’ ವೈದ್ಯರು ಹಾಗೆ ಹೇಳಿ ಕೈತೊಳೆದುಕೊಳ್ಳುವ ಕಾಲ ಹೋಯಿತು. ಅಮೆರಿಕದ ಲಿಂಡಾ ಫ್ರೀಡ್ ಮತ್ತು ಅವರ ಸಂಗಡಿಗರು 2001ರಲ್ಲಿ ಇಳಿವಯಸ್ಸಿನ ನಿತ್ರಾಣಕ್ಕೆ ಐದು ಗುರುತು ಕೊಟ್ಟರು. ಪ್ರಯತ್ನಪಡದೆಯೇ ತೂಕ ಇಳಿಯುವುದು, ಸದಾ ಸುಸ್ತು, ಕೈಯ ಹಿಡಿತ ಸಡಿಲಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ತಗ್ಗುವುದು. ಮೂರಿದ್ದರೆ ನಿತ್ರಾಣ, ಒಂದೆರಡಿದ್ದರೆ ಅದರ ಹೊಸ್ತಿಲು. ಇಂಥವರಿಗೆ ಒಂದು ಜ್ವರ ಬಂದರೂ ಸಾಕು, ಬಚ್ಚಲಲ್ಲಿ ಒಮ್ಮೆ ಜಾರಿದರೂ ಸಾಕು, ಹಾಸಿಗೆ ಹಿಡಿದುಬಿಡುತ್ತಾರೆ. ತೂಕದ ಯಂತ್ರ ಮನೆಯಲ್ಲಿ ಇಲ್ಲವೇ? ಅಜ್ಜಿಯ ಬಳೆ ಮೊಣಕೈವರೆಗೆ ಜಾರುತ್ತಿದೆಯೇ, ರವಿಕೆ ಸಡಿಲಾಗಿದೆಯೇ, ನೋಡಿ.

ಈ ನಿತ್ರಾಣ ಎಲ್ಲರ ಮನೆಗೂ ಒಂದೇ ವಯಸ್ಸಿಗೆ ಬರುವುದಿಲ್ಲ. ಲಂಡನ್ನಿನ ಸರ್ಕಾರಿ ನೌಕರರನ್ನು 1985ರಿಂದ ಹಿಂಬಾಲಿಸುತ್ತಿರುವ ವೈಟ್‌ಹಾಲ್ ಅಧ್ಯಯನವನ್ನೇ ನೋಡಿ. ಅವರೆಲ್ಲರಿಗೂ ಸಂಬಳವಿತ್ತು, ಪಿಂಚಣಿ ಇತ್ತು, ಉಚಿತ ಚಿಕಿತ್ಸೆ ಇತ್ತು. ಆದರೂ ಮುಪ್ಪಿನಲ್ಲಿ ನಿತ್ರಾಣದ ಸಾಧ್ಯತೆ ಮೇಲಧಿಕಾರಿಗಳಿಗಿಂತ ಕೆಳದರ್ಜೆಯವರಲ್ಲಿ ಸುಮಾರು ಎರಡು ಪಟ್ಟು. ಧೂಮಪಾನ, ಓಡಾಟದ ಕೊರತೆಯಂಥ ಐವತ್ತರ ಆಸುಪಾಸಿನ ಸಂಗತಿಗಳು ಈ ಅಂತರದ ಒಂದು ಪಾಲನ್ನು ವಿವರಿಸಿದವು. ಪಿಂಚಣಿ ಇದ್ದವರಲ್ಲೇ ಹೀಗಾದರೆ ಕೂಲಿಯವರ ಪಾಡೇನು? ನಮ್ಮ ದೇಶದಲ್ಲಿ 2017ರಲ್ಲಿ ಶುರುವಾದ ‘ಲಾಸಿ’ ಸಮೀಕ್ಷೆ 45 ದಾಟಿದವರು ಮತ್ತು ಅವರ ಸಂಗಾತಿಗಳು ಸೇರಿ 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತನಾಡಿಸಿತು, ಕೈಯ ಹಿಡಿತವನ್ನೂ ಅಳೆಯಿತು. ಅದರ ಅಂಕಿಅಂಶಗಳನ್ನು ಆಧರಿಸಿದ ಸಂಶೋಧನೆಗಳಲ್ಲಿ ನಿತ್ರಾಣ ಹೆಚ್ಚಾಗಿ ಕಾಣುವುದು ಹೆಂಗಸರಲ್ಲಿ, ಶಾಲೆ ಕಾಣದವರಲ್ಲಿ, ಬಡವರಲ್ಲಿ.

ನನಗೇನೂ ಇದು ಅಚ್ಚರಿಯಲ್ಲ. ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದ ಸಾರಿನ ತಿಳಿಯಲ್ಲಿ ಮುದ್ದೆ ಅದ್ದಿ ಉಂಡವಳ ಸ್ನಾಯುವಿಗೆ ಕಾಳು ಎಲ್ಲಿಂದ ಬರಬೇಕು?

ಸಮಾಧಾನದ ಸಂಗತಿಯೂ ಇದೆ. ಬಾಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ ಸರಾಸರಿ 87 ವರ್ಷದ ನೂರು ಮಂದಿಯ ಮೇಲೆ ನಡೆದ ಪ್ರಯೋಗದ ವರದಿ 1994ರಲ್ಲಿ ಬಂತು. ಕಾಲಿನಿಂದ ಭಾರ ಎತ್ತುವ ವ್ಯಾಯಾಮವನ್ನು ಹತ್ತು ವಾರ ಮಾಡಿದವರ ಸ್ನಾಯುಬಲ ಸರಾಸರಿ ಎರಡು ಪಟ್ಟು ದಾಟಿತು. ವ್ಯಾಯಾಮವಿಲ್ಲದೆ ಬರೀ ಪೌಷ್ಟಿಕ ಪಾನೀಯ ಕುಡಿದವರಿಗೆ ಅಂಥ ಲಾಭವೇನೂ ಆಗಲಿಲ್ಲ. ಸುಸ್ತು ಎಂದ ಕೂಡಲೇ ಗ್ಲೂಕೋಸ್ ಹಾಕಿಸಿಕೊಂಡು, ಟಾನಿಕ್ ತಂದು ದುಡ್ಡು ಕಳೆಯುವವರು ಇದನ್ನು ಗಮನಿಸಬೇಕು.

ಜೀವಮಾನವೆಲ್ಲ ಬಗ್ಗಿ ಕಳೆ ಕಿತ್ತವರಿಗೆ ‘ವ್ಯಾಯಾಮ ಮಾಡಿ’ ಎಂದರೆ ನಗು ಬಂದೀತು. ಆದರೆ ಅರೆಹೊಟ್ಟೆಯಲ್ಲಿ, ಬಿಡುವಿಲ್ಲದೆ ಮಾಡಿದ ದುಡಿಮೆ ಮೈಯನ್ನು ಸವೆಸುತ್ತದೆ. ವ್ಯಾಯಾಮ ಅಂದರೆ ಕಡಿಮೆಯಿಂದ ಶುರುಮಾಡಿ, ನಡುವೆ ದಣಿವಾರಿಸಿಕೊಂಡು, ವಾರ ವಾರಕ್ಕೆ ಸ್ವಲ್ಪ ಏರಿಸುವುದು. ಆಗಲೇ ಹೇಳಿದ ಕುರ್ಚಿಯಿಂದಲೇ ಆರಂಭಿಸಿ. ಮೊದಲು ಕೈಯೂರಿ ಏಳಲಿ, ಅಭ್ಯಾಸವಾದ ಮೇಲೆ ಊರದೆ ಏಳಲಿ. ಎದೆನೋವು, ತಲೆಸುತ್ತು ಇರುವವರು ಮೊದಲು ವೈದ್ಯರನ್ನು ಕೇಳಿ.

ಜತೆಗೆ ಊಟ. ವಯಸ್ಸಾದವರಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ಅಂದರೆ 50 ಕಿಲೋ ತೂಗುವ ಅಜ್ಜಿಗೆ 50ರಿಂದ 60 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು ಆರು ಗ್ರಾಂ ಮಾತ್ರ. ಹಾಗಾಗಿ ಮೂರು ಹೊತ್ತೂ ಕಾಳೋ ಬೇಳೆಯೋ ಮೊಸರೋ ಮೊಟ್ಟೆಯೋ ತಟ್ಟೆಯಲ್ಲಿರಲಿ. ಹಲ್ಲಿಲ್ಲದವರಿಗೆ ಹುರುಳಿ, ಹೆಸರುಕಾಳನ್ನು ನುಣ್ಣಗೆ ಬೇಯಿಸಿ ಮಸೆದು ಕೊಡಿ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಈ ಲೆಕ್ಕ ಹೊಂದದು, ವೈದ್ಯರ ಮಾತಿನಂತೆ ನಡೆಯಿರಿ. ಮನೆಯ ಹಿರಿಯ ಹೆಂಗಸಿಗೆ ಮೊದಲ ಪಂಕ್ತಿಯಲ್ಲೇ ಬಡಿಸಿ, ಅಷ್ಟೇ.

ಎಪ್ಪತ್ತು ದಾಟಿದವರಿಗೆ ಐದು ಲಕ್ಷ ರೂಪಾಯಿವರೆಗಿನ ಆಯುಷ್ಮಾನ್ ಯೋಜನೆಯನ್ನು ಕೇಂದ್ರ ಸರ್ಕಾರ 2024ರಲ್ಲಿ ತಂದಿತು. ಒಳ್ಳೆಯದೇ. ಆದರೆ ಅದು ಇರುವುದು ಆಸ್ಪತ್ರೆಗೆ ದಾಖಲಾದವರಿಗೆ. ಬಿದ್ದ ಮೇಲೆ ಸೊಂಟದ ಶಸ್ತ್ರಚಿಕಿತ್ಸೆಗೆ ದುಡ್ಡು ಸಿಗಬಹುದು, ಬೀಳದ ಹಾಗೆ ಕಾಲು ಗಟ್ಟಿ ಮಾಡಿಕೊಳ್ಳಲು ಸಿಗುವುದಿಲ್ಲ. ಅದಕ್ಕೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವೇ ಗತಿ. ಹೋಗುವಾಗ ನುಂಗುತ್ತಿರುವ ಅಷ್ಟೂ ಮಾತ್ರೆಗಳನ್ನು ಒಂದು ಚೀಲದಲ್ಲಿ ಒಯ್ದು ತೋರಿಸಿ. ನಿದ್ದೆಮಾತ್ರೆಯಿಂದಲೋ ಬಿ.ಪಿ. ಮಾತ್ರೆ ಹೆಚ್ಚಾಗಿಯೋ ತಲೆಸುತ್ತು ಬರುತ್ತಿರಬಹುದು. ಕಣ್ಣಿನ ಪೊರೆಯನ್ನೂ ನೋಡಿಸಿ. ಕರೆದೊಯ್ಯುವವರು ಯಾರೂ ಇಲ್ಲದಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಇಲ್ಲವೇ ಹಿರಿಯರ ಸಹಾಯವಾಣಿ 14567ಕ್ಕೆ ಕರೆಮಾಡಿ. ಕರೆಗೆ ಶುಲ್ಕವಿಲ್ಲ.