ಕೆಲಸ ಬಲ್ಲವರಿಗೊಂದು ಹುದ್ದೆ

ನಾನೂ ಇಂಜಿನಿಯರಿಂಗ್ ಓದಿದವನು. ನಮ್ಮಲ್ಲಿ ಒಳ್ಳೆ ಕೆಲಸಗಾರನಿಗೆ ಸಿಗೋ ಬಹುಮಾನ ಏನು ಗೊತ್ತಾ? ಆ ಕೆಲಸ ಬಿಡಿಸಿ ಮ್ಯಾನೇಜರ್ ಮಾಡೋದು!

ಅಮೆರಿಕದ ಆರ್ಮಿ ರಿಸರ್ವ್ ನೋಡಿ. ಸಾಮಾನ್ಯವಾಗಿ ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆ ಎರಡು ವಾರ ಸಮವಸ್ತ್ರ; ಉಳಿದಂತೆ ತಮ್ಮ ನೌಕರಿ. ವಾಹನ ರಿಪೇರಿಯಲ್ಲೋ ನೆಟ್‌ವರ್ಕ್‌ನಲ್ಲೋ ಪಳಗಿದ ಸಾರ್ಜೆಂಟ್ ಅರ್ಜಿ ಹಾಕಿ, ಆಯ್ಕೆ ಮಂಡಳಿ ಒಪ್ಪಿ, ತರಬೇತಿ ಮುಗಿಸಿದರೆ ವಾರಂಟ್ ಆಫೀಸರ್ ಆಗ್ತಾರೆ. ಅಮೆರಿಕದ ಭೂಸೇನೆಯಲ್ಲಿ 1918ರಲ್ಲಿ, ಸಮುದ್ರದಲ್ಲಿ ಮೈನ್ ಹುದುಗಿಸುವ ಹಡಗುಗಳಿಗಾಗಿ ಹುಟ್ಟಿದ ಹುದ್ದೆ ಇದು. ಈಗ ಇದಕ್ಕೆ ಐದು ಮೆಟ್ಟಿಲು. ಎಷ್ಟೇ ಮೇಲೇರಿದರೂ ಕಸುಬು ಕೈಬಿಡಬೇಕಿಲ್ಲ.

ಪುಕ್ಕಟೆ ಗೌರವ ಅಲ್ಲ ಇದು. ಕರೆ ಬಂದರೆ ಮನೆ, ನೌಕರಿ ಬಿಟ್ಟು ಹೊರಡಲೇಬೇಕು.

ನಮ್ಮ ಕಚೇರಿಗಳಲ್ಲಿ ಕೆಲಸ ಬಲ್ಲವರಿಗೆ ಇಂಥದೊಂದು ಏಣಿ ಎಲ್ಲಿದೆ? ಯೋಚನೆ ಮಾಡಿ.